ಆರು ಅಡಿ ಮೇಲ್ಮೈ

ಮನುಷ್ಯನ ತಲೆಗೆ ಗರ್ವ ಏರಲು ಸಿಂಹಾಸನವೇ ಬೇಕೆಂದಿಲ್ಲ. ಸಹಿ ಹಾಕಿ ತೆಗೆದುಕೊಳ್ಳಬೇಕಾದ ಒಂದು ಲಕೋಟೆ ಸಾಕು. ಅಂಥದೊಂದು ಲಕೋಟೆ ಅಳತೆರಾಯರ ಹೊಲಿಗೆ ಅಂಗಡಿಗೆ ಬಂದದ್ದು ಒಂದು ಸೋಮವಾರ. ಆಗ ಅವರು ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು, ಮಂಡಿಯೂರಿ, ಲಾಂಡ್ರಿಯವನ ಪ್ಯಾಂಟಿನ ಕಾಲು ಮಡಚುತ್ತಿದ್ದರು.

ಅಳತೆರಾಯ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ, ಬೀದಿ ಇಟ್ಟದ್ದು. ಮೂವತ್ತೊಂದು ವರ್ಷ ಕೊರಳಿಗೆ ಟೇಪು ಇಳಿಬಿಟ್ಟುಕೊಂಡು, "ಅಳತೆ ಅಂದ್ರೆ ಸತ್ಯ, ಸತ್ಯಕ್ಕೆ ಎರಡು ಮಾತಿಲ್ಲ" ಎಂದು ಬಂದ ಗಿರಾಕಿಗಳಿಗೆಲ್ಲ ಉಪದೇಶ ಮಾಡಿದ ಪುಣ್ಯಕ್ಕೆ ಸಿಕ್ಕ ಬಿರುದು. ಅವರು ಹೊಲಿದ ಬಟ್ಟೆ ಯಾರಿಗಾದರೂ ಬಿಗಿಯಾದ ದಾಖಲೆ ಇಲ್ಲ. ಬಿಗಿಯಾಗುವುದಾದರೂ ಹೇಗೆ? ಅಳತೆಯ ಗುರುತಿನ ಆಚೆ ಅರ್ಧ ಇಂಚು, ಈಚೆ ಅರ್ಧ ಇಂಚು ಹೊಲಿಗೆಗೆಂದು ಬಿಡಬೇಕು; ಬಟ್ಟೆ ನೀರಿಗೆ ಬಿದ್ದರೆ ಕುಗ್ಗುತ್ತದೆಂದು ಅದರ ಮೇಲೆ ಗಜಕ್ಕೊಂದು ಇಂಚು. "ಬಿಟ್ಟಿದ್ರೆ ಹಿಡೀಬಹುದು, ಕತ್ತರಿಸಿದ್ರೆ ಕೂಡಿಸೋಕಾಗಲ್ಲ" ಎಂಬುದು ರಾಯರ ಸಿದ್ಧಾಂತ. ಹೀಗಾಗಿ ಆ ಬೀದಿಯ ಗಂಡಸರೆಲ್ಲ ತಮ್ಮ ತಮ್ಮ ಅಣ್ಣಂದಿರ ಅಂಗಿ ತೊಟ್ಟವರಂತೆ ಓಡಾಡುತ್ತಿದ್ದರು. ರಾಯರು ಅದಕ್ಕೆ ಘನತೆ ಎಂದು ಹೆಸರಿಟ್ಟಿದ್ದರು, ಬೀದಿಯೂ ಒಪ್ಪಿಕೊಂಡಿತ್ತು.

ಲಕೋಟೆಯ ಒಳಗಿನ ಕಾಗದ "ಮಾನ್ಯ ಭೂಮಾಲೀಕರೇ" ಎಂದು ಶುರುವಾಗಿತ್ತು. ಹುಟ್ಟಿದಾಗಿನಿಂದ "ಏನ್ರೀ, ಇನ್ನೂ ಆಗಿಲ್ವಾ" ಎಂದಷ್ಟೇ ಕರೆಸಿಕೊಂಡಿದ್ದ ಮನುಷ್ಯ ಅದನ್ನು ಮೂರು ಸಲ ಓದಿದರು. ಭೂಗರ್ಭದ ತೈಲ ಮತ್ತು ಅನಿಲದ ಅಭಿವೃದ್ಧಿಗಾಗಿ ತಮ್ಮ ಜಮೀನಿನ ಮೇಲ್ಮೈ ಬಳಸುವ ಹಕ್ಕನ್ನು ಕೋರುತ್ತೇವೆ ಎಂದು ಯಾವುದೋ ಕಂಪನಿ ಬರೆದಿತ್ತು. ತೈಲ ಎಂಬ ಪದ ಕಣ್ಣಿಗೆ ಬಿದ್ದದ್ದೇ ತಡ, ಲಾಂಡ್ರಿಯವನು ಒಂದು ಕಾಲು ಮಡಚಿದ, ಒಂದು ಕಾಲು ಬಿಚ್ಚಿದ ಪ್ಯಾಂಟಿನಲ್ಲೇ ಬೀದಿಗಿಳಿದ. ಸಂಜೆಯ ಹೊತ್ತಿಗೆ ರಾಯರ ಹಿತ್ತಲಲ್ಲಿ ಎಣ್ಣೆಯ ಊಟೆ ಚಿಮ್ಮಿ, ಎದುರು ಮನೆಯವರ ಮೂಗಿಗೆ ಅದರ ವಾಸನೆಯೂ ಬಡಿದಿತ್ತು.

ರಾಯರು ಅಂಗಡಿಯ ಬೋರ್ಡಿನಲ್ಲಿ ತಮ್ಮ ಬಿರುದಿನ ಕೆಳಗೆ "ಭೂಮಾಲೀಕರು" ಎಂದು ಬರೆಸಿದರು. ಹಿತ್ತಲಲ್ಲಿ ಯಾರೂ ಬೆಂಕಿಕಡ್ಡಿ ಗೀರಬಾರದೆಂದು ಅಪ್ಪಣೆ ಹೊರಡಿಸಿದರು.

"ಅಲ್ಲೇ ಅಲ್ವಾ ನಾನು ದಿನಾ ನೀರು ಕಾಯಿಸೋದು?" ಎಂದಳು ಹೆಂಡತಿ. "ಇಪ್ಪತ್ತಾರು ವರ್ಷದಿಂದ ಕಾಯಿಸ್ತಾ ಇದ್ದೀನಿ. ಹೊತ್ಕೊಳ್ಳೋದಿದ್ರೆ ಯಾವತ್ತೋ ಹೊತ್ಕೊಂಡು ನನಗೂ ಮುಕ್ತಿ ಸಿಗ್ತಿತ್ತು."

ಸುದ್ದಿ ಹಿಂದಿನ ಮನೆಗೂ ಮುಟ್ಟಿತು. ಹಿಂದಿನ ಮನೆ ರಾಯರ ಅಕ್ಕನದು. ಅಪ್ಪ ಸಾಯುವ ಮುಂಚೆ ಇದ್ದ ಒಂದೇ ಉದ್ದನೆಯ ಜಾಗವನ್ನು ಎರಡು ಮಾಡಿ, ರಸ್ತೆಯ ಕಡೆಯದನ್ನು ಮಗನಿಗೂ ಹಿಂದಿನದನ್ನು ಮಗಳಿಗೂ ಕೊಟ್ಟಿದ್ದರು. ರಾಯರ ಹಿತ್ತಲು ಮುಗಿಯುವಲ್ಲಿ ಅಕ್ಕನ ಅಡುಗೆಮನೆಯ ಗೋಡೆ. ಪಡಸಾಲೆಯ ಮೂಲೆಯಲ್ಲಿ ಇಪ್ಪತ್ತು ವರ್ಷ ಹೊಗೆ ಕುಡಿದು, ಚೂರುಪಾರು ಉಳಿಸಿ ಅಕ್ಕ ಕಟ್ಟಿಸಿದ ಅಡುಗೆಮನೆ ಅದು. ಆರಡಿ ಅಗಲ. ಒಬ್ಬರು ಒಳಗೆ ಹೋಗಬೇಕಾದರೆ ಇನ್ನೊಬ್ಬರು ಹೊರಗೆ ಬರಬೇಕು. ಒಲೆಯಿಂದ ಬಚ್ಚಲ ಕಲ್ಲಿಗೆ ಅಕ್ಕ ಅಡ್ಡಡ್ಡ ಸರಿದೇ ಹೋಗುತ್ತಿದ್ದಳು. ಆದರೂ ಅದು ಅವಳ ಪ್ರಾಣ. ದಿನಾ ನಾಲ್ಕು ಗಂಟೆಗೆ ರಾಯರು ಅದರ ಬಾಗಿಲಲ್ಲಿ ಕೂತು ಅಕ್ಕನ ಕೈಯ ಟೀ ಕುಡಿಯದಿದ್ದರೆ ಆ ದಿನ ಹೊಲಿದ ಗುಂಡಿ ನೆಟ್ಟಗೆ ಕೂರುತ್ತಿರಲಿಲ್ಲ.

ಅಕ್ಕನ ಗಂಡ, ಅಂದರೆ ಭಾವ, ನಿವೃತ್ತ ಬಸ್ ಕಂಡಕ್ಟರು. ಅವರು ಪಡಸಾಲೆಯ ಕುರ್ಚಿಯಿಂದ ಏಳದೆಯೇ ಅಭಿಪ್ರಾಯ ಕೊಟ್ಟರು: "ಎಣ್ಣೆ ಸಿಕ್ರೆ ಮೊದ್ಲು ನಿನ್ನ ಹೊಲಿಗೆ ಮೆಷಿನ್ನಿಗೆ ಎರಡು ತೊಟ್ಟು ಬಿಡಯ್ಯ. ಅದರ ಕಿರುಚಾಟ ಈ ಬೀದಿಗೂ ಕೇಳುತ್ತೆ."

ಬುಧವಾರ ಕಂಪನಿಯ ಮೇಡಂ ಫೈಲು ಹಿಡಿದು ಬಂದರು. ರಾಯರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಕೂತಿದ್ದರು. ಮೇಡಂ ಕುಳಿತ ಎರಡೇ ನಿಮಿಷಕ್ಕೆ ಎಣ್ಣೆಯನ್ನು ಅವರಿಂದ ಕಿತ್ತುಕೊಂಡರು.

"ಕೆಳಗಿರೋದು ಯಾರ ಜಾಗದಲ್ಲಿದ್ರೂ ಸರ್ಕಾರದ್ದು ಸರ್. ಸರ್ಕಾರ ನಮಗೆ ಗುತ್ತಿಗೆ ಕೊಟ್ಟಿದೆ. ಅದೂ ನಿಮ್ಮ ಹಿತ್ತಲಲ್ಲಿ ಇಲ್ಲ, ಆ ಗುಡ್ಡದ ಹಿಂದೆ ಇದೆ. ಅಲ್ಲಿಗೆ ಲಾರಿ ಹೋಗೋಕೆ ನಿಮ್ಮ ಜಾಗದಲ್ಲಿ ಅಡ್ಡಲಾಗಿ ಇಪ್ಪತ್ನಾಲ್ಕು ಅಡಿ ದಾರಿ ಬೇಕು, ಅಷ್ಟೇ."

ರಾಯರು ಸೋಲು ಒಪ್ಪುವ ಪೈಕಿ ಅಲ್ಲ. "ಅಂದ್ರೆ ಮೇಲಿನದು ನನ್ನದು."

"ಮೇಲಿನದು ನಿಮ್ಮದು."

"ಎಷ್ಟು ದಪ್ಪ?"

"ಏನು ಎಷ್ಟು ದಪ್ಪ?"

"ಮೇಲಿನದು. ಕೋಟಿಗೆ ಮೇಲ್ಬಟ್ಟೆ ಇರುತ್ತೆ, ಒಳಗೆ ಲೈನಿಂಗ್ ಇರುತ್ತೆ, ಎರಡಕ್ಕೂ ಮಧ್ಯೆ ಒಂದು ಹೊಲಿಗೆ ಇರುತ್ತೆ. ನನ್ನದು ಎಲ್ಲಿ ಮುಗಿಯುತ್ತೆ, ಸರ್ಕಾರದ್ದು ಎಲ್ಲಿ ಶುರುವಾಗುತ್ತೆ?"

ಮೇಡಂ ಫೈಲು ತಿರುವಿದರು. ಉದ್ದವಿತ್ತು, ಅಗಲವಿತ್ತು, ಹನ್ನೊಂದು ಷರತ್ತುಗಳಿದ್ದವು, ದಪ್ಪ ಇರಲಿಲ್ಲ. "ಇದನ್ನ ಇದುವರೆಗೆ ಯಾರೂ ಕೇಳಿಲ್ಲ ಸರ್."

"ನಾನೊಂದು ಗಿಡ ನೆಟ್ಟೆ ಅಂತಿಟ್ಕೊಳ್ಳಿ. ಬೇರು ಕೆಳಗಿಳೀತು. ಅದು ಸರ್ಕಾರಿ ಜಾಗದ ಒತ್ತುವರಿ ಆಗುತ್ತಾ?"

"ಗಿಡ ನೆಡಬೇಡಿ ಸರ್," ಎಂದರು ಮೇಡಂ, ಬೇರೆ ಉಪಾಯ ಕಾಣದೆ.

"ದಾರಿ ಕೊಡಲ್ಲ ಅಂದ್ರೆ?"

"ಅನ್ನೋಕಾಗಲ್ಲ. ಕೆಳಗಿನ ಹಕ್ಕು ಇರೋರಿಗೆ ಮೇಲೆ ಕಾಲಿಡೋ ಹಕ್ಕೂ ಇರುತ್ತೆ. ಎಲ್ಲಿ ಕಾಲಿಡಬೇಕು ಅನ್ನೋದನ್ನ ಮಾತ್ರ ನೀವು ಹೇಳಬಹುದು."

ಅದು ಭೂಮಾಲೀಕರಿಗೆ ಒಪ್ಪುವ ಮಾತು. ಹಿತ್ತಲ ನಡುವೆ ಅವರ ಕತ್ತರಿಸುವ ಶೆಡ್ಡಿತ್ತು: ದೊಡ್ಡ ಮೇಜು, ಎರಡು ಮೆಷಿನ್ನು, ಮೂವತ್ತೊಂದು ವರ್ಷದ ಬದುಕು. ಅದಕ್ಕೆ ಧಕ್ಕೆಯಾಗದಂತೆ ಜಾಗದ ಕಟ್ಟಕಡೆಯ ಇಪ್ಪತ್ನಾಲ್ಕು ಅಡಿಯಲ್ಲಿ ಲಾರಿ ಹೋಗಲಿ ಎಂದು ದಯಪಾಲಿಸಿದರು. ಹಾಗಾದರೆ ಜಾಗ ಎಲ್ಲಿಗೆ ಮುಗಿಯುತ್ತದೆ ಬರೆದುಕೊಡಿ ಎಂದು ಮೇಡಂ ಒಂದು ನಮೂನೆ ಮುಂದಿಟ್ಟರು. ಇರುವವರು ಒಬ್ಬರೇ ಸರ್ವೇಯರು, ಅವರ ಮುಂದೆ ನಾನೂರು ಜಮೀನು ಕಾದು ಕೂತಿವೆ, ಸದ್ಯಕ್ಕೆ ಮಾಲೀಕರೇ ಅಳೆದು ಪ್ರಮಾಣ ಮಾಡಿ ಬರೆದರೆ ಸಾಕಂತೆ.

"ಸುಳ್ಳು ಬರೆದ್ರೆ ಶಿಕ್ಷೆ ಇದೆ ಸರ್. ಹಳೇ ಪತ್ರ ಇದ್ರೆ ನೋಡ್ಕೊಂಡು ಬರೀರಿ."

ಅಪ್ಪನ ವಿಭಾಗಪತ್ರ ಅಕ್ಕನ ಪೆಟ್ಟಿಗೆಯಲ್ಲಿತ್ತು. ಅಳತೆ ಬಲ್ಲವನಿಗೆ ಪತ್ರ ಯಾಕೆ ಎಂದು ರಾಯರು ಕರುಣೆಯಿಂದ ನಕ್ಕು, ಟೇಪು ಹಿಡಿದು ಹಿತ್ತಲಿಗೆ ಇಳಿದರು.

ಐದಡಿಯ ಟೇಪು. ಹಾಸಿದರು, ಸೀಮೆಸುಣ್ಣದಲ್ಲಿ ಗೀಟೆಳೆದರು, ಮತ್ತೆ ಹಾಸಿದರು. ರಸ್ತೆಯಿಂದ ಅಕ್ಕನ ಅಡುಗೆಮನೆಯ ಗೋಡೆಯವರೆಗೆ ನೂರಾ ನಲವತ್ತಾರು ಅಡಿ ಸಿಕ್ಕಿತು. ಆದರೆ ಸಿಕ್ಕಿದ್ದನ್ನು ಸಿಕ್ಕ ಹಾಗೆ ಬರೆದ ಕೈಯಲ್ಲ ಅದು. ಪ್ರತಿ ಟೇಪಿಗೆ ಆಚೆ ಅರ್ಧ ಇಂಚು, ಈಚೆ ಅರ್ಧ ಇಂಚು ತಾನಾಗಿ ಸೇರಿತು. ಮಣ್ಣೂ ಬೇಸಿಗೆಯಲ್ಲಿ ಕುಗ್ಗುತ್ತದಲ್ಲ, ಗಜಕ್ಕೊಂದು ಇಂಚು ಅದಕ್ಕೆ. ಎಲ್ಲ ಕೂಡಿ ಹಾಳೆಯ ಮೇಲೆ ಇಳಿದದ್ದು ನೂರಾ ಐವತ್ತೆರಡು. ರಾಯರು ದೇವರಾಣೆಗೂ ಅದನ್ನೇ ಸತ್ಯವೆಂದು ನಂಬಿ, ದಪ್ಪಕ್ಷರದಲ್ಲಿ ಸಹಿ ಹಾಕಿದರು.

ಮುಂದಿನ ವಾರ ಕಂಪನಿಯ ಕೆಲಸಗಾರರು ಉಕ್ಕಿನ ಟೇಪು ತಂದರು. ಉಕ್ಕಿಗೆ ಹೊಲಿಗೆಯ ಸಂಸ್ಕಾರ ಇಲ್ಲ. ರಸ್ತೆಯಿಂದ ನೂರಾ ಐವತ್ತೆರಡು ಅಡಿ ಎಂದರೆ ಅದಕ್ಕೆ ನೂರಾ ಐವತ್ತೆರಡೇ. ಅದು ಹಿತ್ತಲು ದಾಟಿ, ಅಕ್ಕನ ಅಡುಗೆಮನೆ ಹೊಕ್ಕು, ಒಲೆಯನ್ನೂ ಬಚ್ಚಲ ಕಲ್ಲನ್ನೂ ದಾಟಿ ಆಚೆ ಗೋಡೆಗೆ ಹೋಗಿ ನಿಂತಿತು. ಅವರು ಆ ಗೋಡೆಗೆ ಕೆಂಪು ಬಣ್ಣದಲ್ಲಿ ದೊಡ್ಡದೊಂದು ಅಡ್ಡಗೀಟು ಬಳಿದು, ಹದಿನೈದು ದಿನದಲ್ಲಿ ಕೆಡವುತ್ತೇವೆ ಎಂದು ಚೀಟಿ ಅಂಟಿಸಿ ಹೋದರು.

ಅಕ್ಕ ಕೈಯಲ್ಲಿ ಸೌಟು ಹಿಡಿದುಕೊಂಡೇ ತಮ್ಮನ ಅಂಗಡಿಗೆ ಬಂದಳು. "ನಿನ್ನ ಟೇಪು ತಗೊಂಡು ಬಾ. ನೀನು ಬರೆದುಕೊಟ್ಟಿದ್ದು ಅಂತಿದ್ದಾರೆ. ಎಲ್ಲರ ಎದುರಿಗೆ ಅಳೆದು ತೋರ್ಸು."

"ಕಂಪನಿಯವರು ಅಳತೆ ಕಂಡೋರಲ್ಲಕ್ಕ. ಈಗಲೇ ಬಂದೆ."

ಬೀದಿಗೆ ಬೀದಿಯೇ ಹಿತ್ತಲಲ್ಲಿ ನೆರೆಯಿತು. ಕಂಪನಿಯ ಮೇಡಂ ಕೂಡ ಬಂದು ನಿಂತರು. ತಾವು ಬರೆದ ನೂರಾ ಐವತ್ತೆರಡು ಅಡಿ ಎಲ್ಲಿಗೆ ಮುಗಿಯುತ್ತದೆಂದು ತೋರಿಸಲು ರಾಯರು ರಸ್ತೆಯ ಅಂಚಿನಲ್ಲಿ ಮಂಡಿಯೂರಿದರು. ಅಕ್ಕನ ಅಡುಗೆಮನೆಯ ಪ್ರಶ್ನೆ. ಆದ್ದರಿಂದ ಇನ್ನಷ್ಟು ಎಚ್ಚರದಿಂದ, ಕೈಗೆ ಬಂದ ಎಲ್ಲ ವಿದ್ಯೆಯನ್ನೂ ಹಾಕಿ ಅಳೆದರು. ಪ್ರತಿ ಟೇಪಿಗೂ ಅತ್ತ ಅರ್ಧ, ಇತ್ತ ಅರ್ಧ ಬಿಟ್ಟರು, ಗಜಗಜಕ್ಕೂ ಕುಗ್ಗುವ ಲೆಕ್ಕ ಬಿಟ್ಟರು. ಗೋಡೆ ಅಡ್ಡ ಬಂತು, ಬಾಗಿಲಿನಿಂದ ಒಳಗೆ ತೆವಳಿದರು. ಒಲೆ ದಾಟಿತು. ಕೆಂಪು ಗುರುತಿನ ಗೋಡೆ ದಾಟಿತು. ಇನ್ನೂ ಒಂದು ಟೇಪು ಬಾಕಿ ಇತ್ತು.

"ಕಾಲು ಎತ್ತಿ ಭಾವ," ಎಂದರು ರಾಯರು ನೆಲ ನೋಡುತ್ತಲೇ.

"ಯಾಕೆ?" ಎಂದರು ಪಡಸಾಲೆಯ ಕುರ್ಚಿಯಲ್ಲಿದ್ದ ಭಾವ.

"ಟೇಪು ಹೋಗ್ಬೇಕು."

ಭಾವ ಕಾಲೆತ್ತಿದರು. ಸೀಮೆಸುಣ್ಣದ ಗೀಟು ಸರಿಯಾಗಿ ಕುರ್ಚಿಯ ಅಡಿಯಲ್ಲಿ ಬಿತ್ತು. ಕಿಟಕಿಯಲ್ಲಿ ಮುಖ ತೂರಿಸಿದ್ದ ಲಾಂಡ್ರಿಯವನು ನಿಧಾನವಾಗಿ ಬಾಯಿಬಿಟ್ಟ: "ಕಂಪನಿಯವರೇ ವಾಸಿ ಕಣ್ರೀ. ಅಡುಗೆಮನೆಗೇ ನಿಲ್ಲಿಸಿದ್ರು. ಒಡಹುಟ್ಟಿದವನು ಪಡಸಾಲೆಗೇ ಬಂದ."

ಮೇಡಂ ಗಾಬರಿಯಿಂದ ಫೈಲು ಮುಚ್ಚಿಕೊಂಡು, "ನಮಗೆ ಅಷ್ಟೊಂದು ಬೇಡ ಸರ್" ಎಂದರು.

ಭಾವ ಬಗ್ಗಿ ಕುರ್ಚಿಯ ಕೆಳಗಿನ ಗೀಟು ನೋಡಿದರು. "ಅಂದ್ರೆ ಇಷ್ಟು ವರ್ಷ ನಾನು ಕೂತಿದ್ದು ಇನ್ನೊಬ್ಬರ ಜಾಗದಲ್ಲಾ? ಟಿಕೆಟ್ ಇಲ್ಲದೋರನ್ನ ನಡುದಾರೀಲಿ ಇಳಿಸಿದೋನು ಕಣಯ್ಯ ನಾನು. ಒಬ್ಬ ಮಂತ್ರಿಯ ಮಾವನ್ನೂ ಇಳಿಸಿದ್ದೀನಿ." ಹಾಗೆಂದು ಎದ್ದು, ಕುರ್ಚಿ ಹೊತ್ತುಕೊಂಡು ಗೀಟು ದಾಟಿ, ಮುಂಬಾಗಿಲ ಮೆಟ್ಟಿಲ ಮೇಲೆ ಹಾಕಿಕೊಂಡು ಕೂತರು. ಅಂದಿನಿಂದ ಅವರ ಊಟ, ಪೇಪರು, ನಿದ್ದೆ ಎಲ್ಲ ಅಲ್ಲೇ.

ಅಕ್ಕ ಮಾತ್ರ ಗೀಟನ್ನೂ ತಮ್ಮನ ಮುಖವನ್ನೂ ಒಂದಷ್ಟು ಹೊತ್ತು ನೋಡಿದಳು. "ಇನ್ನೂ ಬೇಕಿತ್ತೇನೋ ನಿನಗೆ?" ಎಂದಳು. ಅಡುಗೆಮನೆಗೆ ಹೋಗಿ, ಪಾತ್ರೆಗಳನ್ನು ಒಂದೊಂದಾಗಿ ಹೊರಗೆ ತಂದಿಡತೊಡಗಿದಳು.

ಮೂರು ದಿನ ನಾಲ್ಕು ಗಂಟೆಯಾಯಿತು, ಟೀಗೆ ಕರೆ ಬರಲಿಲ್ಲ. ಗಿರಾಕಿಗಳೂ ಬರಲಿಲ್ಲ, ಅಕ್ಕನ ಒಲೆ ಕೀಳುವವನ ಕೈಗೆ ಬಟ್ಟೆ ಕೊಟ್ಟರೆ ಅರ್ಧ ವಾಪಸು ಬಂದೀತೇ ಎಂದು ಲಾಂಡ್ರಿಯವನು ಬೀದಿಯಲ್ಲಿ ಡಂಗುರ ಹೊಡೆದಿದ್ದ. ರಾಯರು, ಅಕ್ಕನನ್ನು ಕಳೆದುಕೊಂಡೆ, ಅಳತೆ ಸತ್ಯವಾಗಿದ್ದಕ್ಕೆ ಯಾಕಿಷ್ಟು ಶಿಕ್ಷೆ ಎಂದು ಹೆಂಡತಿಯ ಮುಂದೆ ಗೋಳಾಡಿದರು.

ಹೆಂಡತಿ ಒಗೆದ ಬಟ್ಟೆ ಮಡಚುತ್ತಿದ್ದಳು. ಗಂಡನ ಅಂಗಿಯೊಂದನ್ನು ಎತ್ತಿ ಹಿಡಿದಳು. ಅದರೊಳಗೆ ಇಬ್ಬರು ಆರಾಮಾಗಿ ಇರಬಹುದಿತ್ತು. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೆಲ ಅಳೆಯೋವಾಗ ಹೊಲಿಗೆಗೆ ಅಂತ ಬಿಟ್ರಾ?"

"ಬಿಡದೆ ಇರ್ತೀನಾ? ಆಚೆ ಅರ್ಧ, ಈಚೆ—"

ರಾಯರು ಅಲ್ಲಿಗೇ ತಡೆದು, ಬೆರಳು ಮಡಚಿ ಲೆಕ್ಕ ಹಾಕಿದರು. ಆರಡಿ. ಅಕ್ಕನ ಅಡುಗೆಮನೆಯೂ ಆರಡಿ.

"ನೆಲಕ್ಕೆ ಯಾರಾದ್ರೂ ಹೊಲಿಗೆ ಹಾಕ್ತಾರೇನ್ರೀ?" ಎಂದಳು ಹೆಂಡತಿ. "ನಾಳೆ ಭೂದಾಖಲೆ ಕಚೇರೀಲಿ ಮೇಡಂ ಹಾಕಿಸಿರೋ ವಿಚಾರಣೆ ಇದೆಯಲ್ಲ, ಹೋಗಿ ಹೇಳಿ. ಆದ್ರೆ ತಿಳ್ಕೊಂಡು ಹೇಳಿ. ದಾರಿ ಆರಡಿ ಈಚೆ ಬಂದ್ರೆ ನಿಮ್ಮ ಶೆಡ್ಡಿನ ಹಿಂದಿನ ಗೋಡೆ ಹೋಗುತ್ತೆ. ಸುಳ್ಳು ಪ್ರಮಾಣಕ್ಕೆ ಏನು ಮಾಡ್ತಾರೋ ಅದು ಬೇರೆ."

"ಬೀದಿಯವರು ಅಳತೇಲಿ ತಪ್ಪಿದ ಅಂತಾರಲ್ಲೇ."

"ಈಗ ಅಕ್ಕನ ಮನೆಗೆ ಕನ್ನ ಹಾಕ್ದ ಅಂತಿದ್ದಾರೆ. ಯಾವುದು ವಾಸಿ ನೋಡ್ಕೊಳ್ಳಿ."

ಮರುದಿನ ಭೂದಾಖಲೆ ಕಚೇರಿ. ಅಧಿಕಾರಿಯ ಮೇಜಿನ ಮೇಲೆ ಫೈಲುಗಳ ಗೋಡೆ, ಅದರ ಹಿಂದೆ ಅವರ ಕನ್ನಡಕ ಮಾತ್ರ ಕಾಣುತ್ತಿತ್ತು. ಒಂದು ಬೆಂಚಿನಲ್ಲಿ ಅಕ್ಕ, ಭಾವ. ಇನ್ನೊಂದರಲ್ಲಿ ರಾಯರು, ಹೆಂಡತಿ. ನಡುವೆ ಕಂಪನಿಯ ಮೇಡಂ. ರಾಯರು ಎದ್ದು ನಿಂತರು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಕೊರಳಲ್ಲಿ ಟೇಪು ಇರಲಿಲ್ಲ.

"ಸಾರ್, ನಾನು ಆರಡಿ ಹೆಚ್ಚು ಬರೆದೆ. ಅಕ್ಕನ ಅಡುಗೆಮನೆ ಅಕ್ಕಂದೇ. 'ಮಾರ್ಜಿನ್ನು' ಸಾರ್, ಅಭ್ಯಾಸಬಲ."

ಅಧಿಕಾರಿ ಇಡೀ ಕಥೆ ಕೇಳಿದರು, ಕುಗ್ಗುವ ಮಣ್ಣಿನ ಸಮೇತ. ಆಮೇಲೆ ಒಂದು ನಮೂನೆ ಹೊರತೆಗೆದರು. "ಹೆಚ್ಚಿಗೆ ತೋರಿಸಿದ್ದಕ್ಕೆ ಕಾರಣ ಅಂತ ಇಲ್ಲಿ ಎರಡು ಪದ ಇದೆ. ಉದ್ದೇಶಪೂರ್ವಕ, ಅರಿವಿಲ್ಲದೆ. ಬೇಡದ್ದನ್ನ ಹೊಡೆದುಹಾಕ್ಬೇಕು. ಉದ್ದೇಶಪೂರ್ವಕ ಅಂದ್ರೆ ಮೊಕದ್ದಮೆ. ಅರಿವಿಲ್ಲದೆ ಅಂದ್ರೆ ಅಕ್ಕಪಕ್ಕದವರ ಸಾಕ್ಷಿ ಬೇಕು."

ಭಾವ ಜೇಬಿನಿಂದ ಪೆನ್ನು ತೆಗೆಯುತ್ತಲೇ ಎದ್ದರು. "ಇವನಿಗೆ ಅರಿವಿಲ್ಲ ಅನ್ನೋದಕ್ಕೆ ಮದುವೆ ಆದಾಗಿಂದ ನಾನೇ ಸಾಕ್ಷಿ ಸ್ವಾಮಿ. ಎಲ್ಲಿ ಸಹಿ ಹಾಕ್ಲಿ?"

"ಸ್ವಲ್ಪ ಇರಿ." ಅಧಿಕಾರಿ ಹಳೆಯ ರಿಜಿಸ್ಟರಿನ ಮೇಲೆ ಬೆರಳು ಇಟ್ಟುಕೊಂಡಿದ್ದರು. "ಆರಡಿ ಹೆಚ್ಚಾಯ್ತು ಅಂದ್ರಿ. ನಿಮ್ಮ ತಂದೆಯವರ ವಿಭಾಗಪತ್ರದ ಪ್ರಕಾರ ನಿಮ್ಮ ಜಾಗ ನೂರಾ ನಲವತ್ತು ಅಡಿ. ನೀವು ಬರೆದಿರೋದು ನೂರಾ ಐವತ್ತೆರಡು. ಈ ಆರಡಿ ಮಾರ್ಜಿನ್ನು ಸರಿ. ಇನ್ನೊಂದು ಆರಡಿ ಏನು?"

"ಇಲ್ಲ ಸಾರ್, ಅಕ್ಕನ ಗೋಡೆವರೆಗೆ ಸರಿಯಾಗಿ ನೂರಾ ನಲವತ್ತಾರು..." ಎನ್ನುತ್ತ ರಾಯರು ಇಲ್ಲದ ಟೇಪಿಗಾಗಿ ಕೊರಳು ತಡವಿಕೊಂಡರು. ಆ ಗೋಡೆ ಎಲ್ಲಿ ಏಳಬೇಕೆಂದು ಗಾರೆಯವನಿಗೆ ತೋರಿಸಿದವರು ಯಾರು? ಹದಿನಾಲ್ಕು ವರ್ಷದ ಹಿಂದೆ, ಅಕ್ಕ ಕರೆದಳೆಂದು ಹೆಮ್ಮೆಯಿಂದ ಹೋಗಿ, ಇದೇ ಕೈಯಿಂದ ನೂರಾ ನಲವತ್ತು ಅಡಿ ಅಳೆದು ಗೂಟ ಹೊಡೆದವರು ಅವರೇ. ಆಚೆ ಅರ್ಧ, ಈಚೆ ಅರ್ಧ ಬಿಟ್ಟು.

"ಅದು ಹಳೇದು ಸ್ವಾಮಿ," ಎಂದಳು ಅಕ್ಕ, ಕೂತಲ್ಲಿಂದಲೇ. "ಅದನ್ನ ಬಿಟ್ಬಿಡಿ."

"ಹಳೇದು ಅಂದ್ರೆ ನಿಮಗೆ ಗೊತ್ತಿತ್ತಾ?"

"ಗೋಡೆ ಏಳೋವಾಗ್ಲೇ ಗಾರೆಯವನು ಹೇಳ್ದ. ಅಮ್ಮ, ಗೂಟ ನಿಮ್ಮ ಜಾಗದೊಳಗೆ ಆರಡಿ ಬಂದಿದೆ, ಅಡುಗೆಮನೆ ಹನ್ನೆರಡು ಅಡಿ ಆಗ್ಬೇಕಿತ್ತು ಅಂತ. ಪತ್ರ ತೆಗೆದು ನೋಡ್ದೆ, ನಿಜ. ಸುಮ್ಮನೆ ಕಟ್ಟು ಅಂದೆ."

ಭಾವ ಪೆನ್ನು ಹಿಡಿದೇ ತಿರುಗಿದರು. "ನನಗೆ ಹೇಳ್ಲೇ ಇಲ್ಲ?"

"ಹೇಳಿದ್ರೆ ಅವನನ್ನ ನಡುದಾರೀಲಿ ಇಳಿಸ್ತಿದ್ರಿ."

ರಾಯರಿಗೆ ಈಗ ಅರ್ಥವಾಯಿತು, ಅಂದು ಅಕ್ಕ 'ಇನ್ನೂ' ಎಂದದ್ದು ಯಾಕೆಂದು. "ಅಕ್ಕ, ನಾನು ಕದ್ದೆ ಅಂದ್ಕೊಂಡಿದ್ಯಾ?"

"ಅಂದ್ಕೊಂಡಿದ್ದೆ."

"ಹದಿನಾಲ್ಕು ವರ್ಷ?"

"ಹ್ಞೂ."

"ಮತ್ತೆ ದಿನಾ ಕರೆದು ಟೀ ಕೊಟ್ಯಲ್ಲೇ."

"ಕೇಳಿದ್ರೆ ನೀನು ವಾಪಸ್ ಕೊಟ್ಟುಬಿಡ್ತಿದ್ದೆ," ಎಂದಳು ಅಕ್ಕ. "ಆಮೇಲೆ ಮುಖ ಎತ್ಕೊಂಡು ನಮ್ಮನೆ ಬಾಗಿಲಿಗೆ ಬರ್ತಿದ್ಯಾ? ಆರಡಿ ಜಾಗಕ್ಕೆ ತಮ್ಮನ್ನ ಯಾಕೆ ಕಳ್ಕೊಳ್ಳಿ ಅಂತ ಅಡ್ಡಡ್ಡ ತಿರುಗಿಕೊಂಡೇ ಅಡುಗೆ ಮಾಡ್ದೆ."

ಅಳತೆರಾಯರು ಅತ್ತರು. ಕಚೇರಿ, ಮೇಡಂ, ಭಾವ, ಯಾರನ್ನೂ ಲೆಕ್ಕಿಸದೆ ಅಂಗಿಯ ತೋಳಿನಿಂದ ಮೂಗೊರೆಸಿಕೊಂಡು ಅತ್ತರು. ತೋಳು ಉದ್ದವಿದ್ದುದರಿಂದ ಬಹಳ ಹೊತ್ತಿನ ಅಳುವಿಗೂ ಸಾಲಿತು. ಫೈಲು ಒದ್ದೆಯಾಗುತ್ತದೆ, ಸ್ವಲ್ಪ ಹಿಂದೆ ನಿಂತು ಅಳಿ ಎಂದು ಅಧಿಕಾರಿ ಮೆತ್ತಗೆ ಹೇಳಿದರು. ದಾರಿ ಹನ್ನೆರಡು ಅಡಿ ಈಚೆ ಬರಬೇಕಾಗುತ್ತದೆ, ನಿಮ್ಮ ಶೆಡ್ಡಿನ ಹಿಂದಿನ ಅರ್ಧ ಹೋಗುತ್ತದೆ ಎಂದೂ ಹೇಳಿದರು. ರಾಯರು ಅಳುತ್ತಲೇ ತಲೆಯಾಡಿಸಿದರು.

"ಇನ್ನು ಈ ಕಾರಣದ ಕಲಂ," ಎಂದರು ಅಧಿಕಾರಿ, ನಮೂನೆಯನ್ನು ಅಕ್ಕನ ಕಡೆ ತಳ್ಳಿ. "ಈಗಿನ ಆರಡಿಗೆ ನಿಮ್ಮ ಯಜಮಾನರ ಸಾಕ್ಷಿ ಆಯ್ತು. ಹಳೇ ಆರಡಿಗೆ ನಷ್ಟ ಆದವರು ನೀವು. ನೀವು ಹೇಳಿದ್ದನ್ನೇ ಬರೀಬೇಕು ನಾನು. ಏನಂತೀರಮ್ಮ?"

ಅಕ್ಕ ಎದ್ದು ಬಂದಳು. ತಮ್ಮನ ದೊಗಳೆ ಅಂಗಿಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಗಂಡನ ಕೈಯಿಂದ ಪೆನ್ನು ಇಸಿದುಕೊಂಡು, ಮೇಜಿನ ಮೇಲೆ ಬಾಗಿ, 'ಉದ್ದೇಶಪೂರ್ವಕ' ಎಂಬ ಪದದ ಮೇಲೆ ಒಂದು ಗೀಟೆಳೆದಳು. ಅದು ಸಾಲದೆಂದು ಇನ್ನೊಂದು ಎಳೆದಳು. ಕಾಗದ ಹರಿದೀತಮ್ಮ ಎಂದು ಅಧಿಕಾರಿ ಹೇಳುತ್ತಿದ್ದರೂ ಅಕ್ಷರ ಒಂದೂ ಕಾಣದಂತಾಗುವವರೆಗೆ ಅವಳು ನಿಲ್ಲಿಸಲಿಲ್ಲ.